ಗುರುವಾರ ಚಿಚಿ, ಶುಕ್ರವಾರ ಸೊಲೊಲಾ

ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ತಿರುಗಾಡಬೇಕು ಅಂತಿದ್ದರೆ ಮೊದಲು ಸಂತೆಯ ವಾರ ಗೊತ್ತು ಮಾಡಿಕೊಳ್ಳಬೇಕು. ಚಿಚಿಕಾಸ್ತೆನಾಂಗೊದಲ್ಲಿ ಸಂತೆ ಗುರುವಾರ ಮತ್ತು ಭಾನುವಾರ. ಸೊಲೊಲಾದಲ್ಲಿ ಮಂಗಳವಾರ ಮತ್ತು ಶುಕ್ರವಾರ. ಬೇರೆ ದಿನ ಹೋದರೆ ಆ ಗದ್ದಲದ ಕಾಲುಭಾಗವೂ ಕಾಣಸಿಗುವುದಿಲ್ಲ. ಭಾನುವಾರ ನಮಗೆ ಆರಾಧನೆ ಇರುತ್ತದೆ. ಹಾಗಾಗಿ ಲೆಕ್ಕ ತಾನಾಗಿಯೇ ಕೂಡಿಬಂತು: ಗುರುವಾರ ಚಿಚಿ, ಶುಕ್ರವಾರ ಸೊಲೊಲಾ, ಅಲ್ಲಿಂದ ಇಳಿದು ಅಟಿಟ್ಲಾನ್ ಸರೋವರ.

ನಾವು ಮಂಗಳೂರಿನವರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ನಾನು ಶಾಲೆಯಲ್ಲಿ ಟೀಚರ್ ಆಗಿದ್ದೆ. ಇವರು ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಮಕ್ಕಳು ಒಂದು ದಡ ಸೇರಿದ ಮೇಲೆ ಇಬ್ಬರೂ ಮಿಷನ್ ಸೇವೆಗೆ ಹೆಸರು ಕೊಟ್ಟೆವು. ಬಂದು ಬಿದ್ದದ್ದು ಕೆಟ್ಸಾಲ್ತೆನಾಂಗೊ ಹತ್ತಿರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ. ಆ ಊರನ್ನು ಇಲ್ಲಿ ಎಲ್ಲರೂ ಶೇಲಾ ಅಂತಲೇ ಕರೆಯುತ್ತಾರೆ. ಇವರಿಗೆ ಅಲ್ಲಿ ಲೆಕ್ಕಪತ್ರದ ಕೆಲಸ. ನನಗೆ ಇಂಗ್ಲಿಷ್ ಮತ್ತು ಹೊಲಿಗೆ ಪಾಠ.

ಸೇವೆಗೆ ಬಂದವರಿಗೆ ರಜೆ ಸುಮ್ನೆ ಸಿಗುವುದಿಲ್ಲ. ಒಂದು ಫಾರಂ ತುಂಬಬೇಕು. ಎಲ್ಲಿಗೆ ಹೋಗುತ್ತೀರಿ, ರಾತ್ರಿ ಎಲ್ಲಿ ತಂಗುತ್ತೀರಿ, ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಲ್ಲ ಬರೆಯಬೇಕು. ಕತ್ತಲಾದ ಮೇಲೆ ಪ್ರಯಾಣ ಮಾಡುವಂತಿಲ್ಲ. ದಿನಾ ಸಂಜೆ ಫೋನ್ ಮಾಡಿ ಇಂಥ ಕಡೆ ಇದ್ದೇವೆ ಅಂತ ತಿಳಿಸಬೇಕು. ಹಾಸ್ಟೆಲ್ ಹುಡುಗಿಯರಿಗೆ ನಾವು ಕೊಡುವ ಔಟ್‌ಪಾಸನ್ನು ಈ ವಯಸ್ಸಿನಲ್ಲಿ ನಾವೇ ಕೇಳಬೇಕಾಯಿತಲ್ಲ ಅಂತ ಇವರಿಗೆ ಸಣ್ಣ ಸಿಟ್ಟು. ಆದರೂ ಫಾರಂ ತುಂಬಿದ್ದು ಇವರೇ, ಎಸ್ಟೇಟ್ ರಿಜಿಸ್ಟರಿನ ಆ ದುಂಡನೆಯ ಅಕ್ಷರದಲ್ಲಿ.

ಇಲ್ಲಿನ ಬಸ್ಸುಗಳೆಲ್ಲ ಅಮೆರಿಕದ ಹಳೇ ಶಾಲಾ ಬಸ್ಸುಗಳು. ಅಲ್ಲಿ ಸೇವೆ ಮುಗಿಸಿ ಇಲ್ಲಿಗೆ ಬಂದು, ಕೆಂಪು ಹಸಿರು ಬಣ್ಣ ಬಳಿಸಿಕೊಂಡು, ಹಣೆ ಮೇಲೆ ಒಂದು ಹೆಣ್ಣಿನ ಹೆಸರು ಬರೆಸಿಕೊಂಡು ಓಡುತ್ತವೆ. ಸೀಟುಗಳು ಮಕ್ಕಳ ಅಳತೆಯವು. ಒಂದರಲ್ಲಿ ಮೂರು ದೊಡ್ಡವರು ಕೂರಬೇಕು. ಮೂರನೆಯವರ ಅರ್ಧ ದೇಹ ನಡುದಾರಿಯಲ್ಲಿ ತೂಗಾಡುತ್ತಿರುತ್ತದೆ. ಕಂಡಕ್ಟರ್ ಹುಡುಗ ನಮ್ಮೂರಿನ ಸಿಟಿ ಬಸ್ಸಿನವನ ಹಾಗೆಯೇ ಬಾಗಿಲಲ್ಲಿ ಜೋತುಬಿದ್ದು ಕೂಗುತ್ತಾನೆ, ಬಸ್ಸು ಓಡುತ್ತಿರುವಾಗಲೇ ಹಿಂದಿನ ಏಣಿ ಹತ್ತಿ ಟಾಪಿಗೆ ಹೋಗಿ ಮೂಟೆ ಬಿಚ್ಚುತ್ತಾನೆ. ಶೇಲಾ ಬಿಟ್ಟು ಸ್ವಲ್ಪ ಹೊತ್ತಿಗೆ ಪ್ಯಾನ್ ಅಮೆರಿಕನ್ ಹೆದ್ದಾರಿ ಅಲಾಸ್ಕಾ ಅನ್ನುವ ಜಾಗಕ್ಕೆ ಏರುತ್ತದೆ. 3000 ಮೀಟರ್ ಎತ್ತರ. ಮಂಜು, ಚಳಿ, ರಸ್ತೆ ಬದಿಗೆ ಕುರಿಗಳು. ಡ್ರೈವರ್ ಮಾತ್ರ ಅಲ್ಲೇ ಓವರ್‌ಟೇಕ್ ಮಾಡುತ್ತಾನೆ. ನಾನು ಬೈಬಲಿನ 23ನೇ ಕೀರ್ತನೆ ಹೇಳಿಕೊಂಡೆ. ಇವರು ನಿದ್ದೆ ಮಾಡಿದರು. ಲೋಸ್ ಎನ್ಕುವೆಂತ್ರೋಸ್ ಅನ್ನುವ ಕೂಡುರಸ್ತೆಯಲ್ಲಿ ಇಳಿದು ಬಸ್ಸು ಬದಲಿಸಿದರೆ ಚಿಚಿಗೆ ಹೋಗಬಹುದು. ಅದು ಕಡಿದಾದ ಕಣಿವೆಯೊಂದಕ್ಕೆ ಇಳಿದು ಮತ್ತೆ ಹತ್ತುವ ದಾರಿ. ಹೊಟ್ಟೆ ತುಂಬ ತಿಂದು ಹೊರಡಬೇಡಿ.

ಚಿಚಿ ಸಂತೆಯ ನಡುವೆ ಎರಡು ಬಿಳಿ ಕಟ್ಟಡಗಳು ಎದುರುಬದುರು ಇವೆ. ಒಂದು ಕಲ್ವಾರಿ ಗುಡಿ. ಇನ್ನೊಂದು ಸಾಂತೋ ತೋಮಾಸ್ ಚರ್ಚು. 1540ರ ಸುಮಾರಿಗೆ ಕಟ್ಟಿದ್ದು. ಇಲ್ಲಿನ ಮೂಲನಿವಾಸಿ ಮಾಯಾ ಜನರ ಹಳೇ ಪೂಜಾಸ್ಥಳದ ಮೇಲೆಯೇ ಸ್ಪೇನಿನವರು ಅದನ್ನು ಎಬ್ಬಿಸಿದರು. ಮುಂದಿನ ಅರ್ಧವೃತ್ತದ ಮೆಟ್ಟಿಲುಗಳು ಹದಿನೆಂಟು. ಮಾಯಾ ಪಂಚಾಂಗದಲ್ಲಿ ಇಪ್ಪತ್ತು ದಿನದ ತಿಂಗಳುಗಳೂ ಹದಿನೆಂಟೇ, ಅದಕ್ಕೇ ಇಷ್ಟು ಮೆಟ್ಟಿಲು ಅನ್ನುತ್ತಾರೆ. ಕೆಳಗಿನ ಮೆಟ್ಟಿಲುಗಳಲ್ಲಿ ಹೂವಿನವರು: ಲಿಲ್ಲಿ, ಗ್ಲಾಡಿಯೋಲಸ್, ಬುಟ್ಟಿ ತುಂಬ ಗುಲಾಬಿ ಎಸಳು. ಅವರ ನಡುವೆ ಒಬ್ಬ ಮುದುಕ ತೂತು ಕೊರೆದ ತಗಡಿನ ಡಬ್ಬಿಗೆ ಕೆಂಡ ತುಂಬಿ, ಕೊಪಾಲ್ ಅನ್ನುವ ಮರದ ಅಂಟು ಹಾಕಿ ಬೀಸುತ್ತಿದ್ದ. ಹೊಗೆ ಇಡೀ ಮೆಟ್ಟಿಲನ್ನು ಮುಚ್ಚಿತ್ತು. ಅವನು ಕಿಚೆ ಅನ್ನುವ ಮಾಯಾ ಭಾಷೆಯಲ್ಲಿ ಯಾರ ಜೊತೆಗೋ ವಾದ ಮಾಡುವ ದನಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ. ನಡುನಡುವೆ ಒಬ್ಬೊಬ್ಬ ಸಂತನ ಹೆಸರು ಸ್ಪ್ಯಾನಿಷಿನಲ್ಲಿ ಕೇಳಿಸುತ್ತಿತ್ತು.

ಆ ಮೆಟ್ಟಿಲು ಹತ್ತುವುದು ಹೊರಗಿನವರಿಗೆ ಸಲ್ಲದು. ಪಕ್ಕದ ಬಾಗಿಲಿಂದ ಒಳಗೆ ಹೋಗಬೇಕು, ಫೋಟೋ ತೆಗೆಯಬಾರದು. ಒಳಗೆ ಕತ್ತಲು. ನಡುದಾರಿಯ ಉದ್ದಕ್ಕೂ ನೆಲದ ಮೇಲೆ ತಗ್ಗಾದ ಕಟ್ಟೆಗಳು. ಅದರ ಮೇಲೆ ಮೇಣದ ಬತ್ತಿ, ಹೂವಿನ ಎಸಳು, ಮೆಕ್ಕೆಜೋಳದ ಕಾಳು, ಸ್ವಲ್ಪ ಸಾರಾಯಿ. ಸತ್ತ ಹಿರಿಯರಿಗೆ ಎಡೆ. ಬಲಿಪೀಠದ ಮೇಲೆ ಯೇಸು, ನೆಲದ ಮೇಲೆ ಅಜ್ಜ ಅಜ್ಜಿಯರು. ಒಂದೇ ಮನೆಯಲ್ಲಿ ಇಬ್ಬರಿಗೂ ಜಾಗ ಇತ್ತು.

ಇವರು ಐದು ನಿಮಿಷಕ್ಕೇ ಹೊರಗೆ ಬಂದರು. "ಎಂತ ಮಾರಾಯ್ತಿ ಇದು? ಐನೂರು ವರ್ಷ ಆದರೂ ಇವರಿಗೆ ಸುವಾರ್ತೆ ತಲುಪಲಿಲ್ಲವಾ?"

"ತಲುಪಿದೆ. ಇವರ ಹತ್ತಿರ ಮೊದಲೇ ಇದ್ದದ್ದೂ ಉಳಿದಿದೆ, ಅಷ್ಟೇ" ಅಂದೆ.

"ನೀನು ಟೀಚರ್. ಎಲ್ಲದಕ್ಕೂ ಒಂದು ಪಾಠ ತರ್ತೀಯ."

ಪಾಠ ಇದ್ದದ್ದು ನಿಜವೇ. 1700ರ ಶುರುವಿನಲ್ಲಿ ಇದೇ ಚರ್ಚಿನಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಅನ್ನುವ ಡೊಮಿನಿಕನ್ ಪಾದ್ರಿ ಇದ್ದರು. ಕಿಚೆ ಜನ ಕಾಪಾಡಿಕೊಂಡು ಬಂದಿದ್ದ ಒಂದು ಹಸ್ತಪ್ರತಿ ಅವರ ಕೈಗೆ ಬಂತು. ದೇವರುಗಳು ಮನುಷ್ಯನನ್ನು ಮಣ್ಣಿನಿಂದ ಮಾಡಿ ನೋಡಿದ್ದು, ಅದು ನೀರಿಗೆ ಕರಗಿದ್ದು, ಮರದಿಂದ ಮಾಡಿದ್ದು, ಅದಕ್ಕೆ ಎದೆಯೇ ಇಲ್ಲದ್ದು, ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿ ಗೆದ್ದದ್ದು, ಈ ಕಥೆಯೆಲ್ಲ ಅದರಲ್ಲಿದೆ. ಅದೇ ಪೊಪೊಲ್ ವುಹ್. ಪಾದ್ರಿ ಅದನ್ನು ಸುಡಲಿಲ್ಲ. ಒಂದು ಕಡೆ ಕಿಚೆ, ಪಕ್ಕದಲ್ಲೇ ಸ್ಪ್ಯಾನಿಷ್ ಇಟ್ಟು ಪೂರ್ತಿ ನಕಲು ಮಾಡಿದರು. ಮೂಲ ಪ್ರತಿ ಕಳೆದುಹೋಯಿತು. ಪಾದ್ರಿಯ ನಕಲೇ ಈಗ ಉಳಿದಿರುವುದು, ಅದೂ ಶಿಕಾಗೋದ ನ್ಯೂಬೆರಿ ಲೈಬ್ರರಿಯಲ್ಲಿ.

ನನಗೆ ಅಲ್ಲಿ ಮಿಷನರಿ ಮೊಗ್ಲಿಂಗ್ ನೆನಪಾದರು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮತ ಹೇಳಲು ಬಂದ ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದರು, ಆಮೇಲೆ ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಬಂದ ಕೆಲಸಕ್ಕೂ ಮಾಡಿದ ಕೆಲಸಕ್ಕೂ ತಾಳೆಯೇ ಇಲ್ಲ, ಅಲ್ವಾ? ನಮ್ಮ ಮುತ್ತಜ್ಜ ಅಂಥವರ ಕೈಯಲ್ಲೇ ದೀಕ್ಷಾಸ್ನಾನ ಪಡೆದದ್ದು. ಹಾಗಾಗಿ ಆ ಮೆಟ್ಟಿಲ ಹತ್ತಿರ ನನಗೆ ಪಾದ್ರಿಯ ಜಾಗದಲ್ಲಿ ನಿಂತು ನೋಡುವುದೂ ಗೊತ್ತು, ಡಬ್ಬಿ ಬೀಸುವವನ ಜಾಗದಲ್ಲಿ ನಿಂತು ನೋಡುವುದೂ ಗೊತ್ತು. ಇವರಿಗೆ ಇದನ್ನೆಲ್ಲ ಹೇಳಲಿಲ್ಲ. ಹಸಿವಾಗಿತ್ತು.

ಸಂತೆ ಒಳಗೆ ಊಟದ ಸಾಲು ಬೇರೆಯೇ ಇದೆ. ಉದ್ದನೆಯ ಮೇಜು, ಬೆಂಚು, ಹೆಂಗಸರು ಕೈಯಲ್ಲಿ ತಟ್ಟುವ ಮೆಕ್ಕೆಜೋಳದ ತೋರ್ತಿಯಾ ರೊಟ್ಟಿ. ಪಟಪಟ ಸದ್ದು ಒಂದು ಕ್ಷಣವೂ ನಿಲ್ಲುವುದಿಲ್ಲ. ಕಪ್ಪು ಜೋಳದ್ದು ನನಗೆ ಜಾಸ್ತಿ ಇಷ್ಟವಾಯಿತು. ಕೋಳಿ ಸಾರಿಗೆ ಖಾರ ಸಾಲದು ಅಂತ ಇವರು ಹಸಿಮೆಣಸು ಕೇಳಿ ಕಚ್ಚಿಕೊಂಡು ತಿಂದರು. ಅಂಗಡಿಯಾಕೆ ಪಕ್ಕದವಳನ್ನು ಕರೆದು ತೋರಿಸಿದಳು.

ಆಮೇಲೆ ಬಟ್ಟೆ. ಹೆಂಗಸರು ತೊಡುವ ನೇಯ್ದ ರವಿಕೆಗೆ ವಿಪಿಲ್ ಅನ್ನುತ್ತಾರೆ. ಒಂದೊಂದು ಊರಿಗೆ ಒಂದೊಂದು ಬಣ್ಣ, ಒಂದೊಂದು ಚಿತ್ತಾರ. ನೋಡಿದವರು ಇವಳು ಇಂಥ ಊರಿನವಳು ಅಂತ ಹೇಳಿಬಿಡಬಹುದು. ನಾನು ಹೊಲಿಗೆ ಕಲಿಸುವವಳು, ಬಟ್ಟೆಯನ್ನು ಮೊದಲು ತಿರುವಿ ಹಾಕಿ ಹಿಂಬದಿ ನೋಡುತ್ತೇನೆ. ಕೈಮಗ್ಗದ್ದಾದರೆ ಹಿಂದೆ ದಾರದ ತುದಿಗಳು, ಗಂಟುಗಳು ಕಾಣುತ್ತವೆ, ಅಂಚು ಒಂಚೂರು ಹೆಚ್ಚುಕಡಿಮೆ ಇರುತ್ತದೆ. ಈಗ ಕಂಪ್ಯೂಟರಿನಲ್ಲಿ ಚಿತ್ತಾರ ಅಚ್ಚು ಹೊಡೆದ ಅಗ್ಗದ ವಿಪಿಲ್‌ಗಳೂ ರಾಶಿ ಬಿದ್ದಿವೆ. ಅದರ ಹಿಂಬದಿ ಬರೀ ಬಿಳಿ. ತಮ್ಮ ಚಿತ್ತಾರಗಳಿಗೆ ಕಾನೂನಿನ ರಕ್ಷಣೆ ಬೇಕು ಅಂತ ನೇಕಾರ ಹೆಂಗಸರು 2016ರಲ್ಲಿ ಸಂವಿಧಾನ ನ್ಯಾಯಾಲಯಕ್ಕೇ ಹೋದರು.

ಒಂದು ಹಳೇ ವಿಪಿಲ್ ಹಿಡಿದು ಬೆಲೆ ಕೇಳಿದೆ. ಆಕೆ 600 ಕೆಟ್ಸಾಲ್ ಅಂದಳು. ಒಂದು ಕೆಟ್ಸಾಲ್ ಅಂದರೆ ನಮ್ಮ ಹತ್ತು ರೂಪಾಯಿ ಮೇಲೆ. ನಾನು 300 ಅಂದೆ. ಇಲ್ಲಿ ಚೌಕಾಸಿ ಮಾಡುವಾಗ ಯಾರೂ ದನಿ ಏರಿಸುವುದಿಲ್ಲ. ಆಕೆ ನಗುತ್ತಾ ತೋಳಿನ ಮೇಲಿನ ಒಂದು ಸಾಲು ಹಕ್ಕಿ ತೋರಿಸಿ, ಇಷ್ಟಕ್ಕೇ ಒಂದು ವಾರ ಬೇಕು ಅಂತ ಸನ್ನೆ ಮಾಡಿದಳು. ನನ್ನ ಅಜ್ಜಿ ಮಂಗಳೂರಿನ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಕೂಲಿಗೆ ಇದ್ದವಳು. ಖಾಕಿ ಬಣ್ಣ ಹುಟ್ಟಿದ್ದೇ ಅಲ್ಲಿ ಅಂತ ನಮ್ಮೂರಲ್ಲಿ ಹೇಳುತ್ತಾರಲ್ಲ, ಅದೇ ಕಾರ್ಖಾನೆ. ಅಜ್ಜಿಗೆ ಮೊಳದ ಲೆಕ್ಕದಲ್ಲಿ ದುಡ್ಡು. ಹಕ್ಕಿ ಸಾಲು ನೋಡಿದ ಮೇಲೆ ನನಗೆ ಚೌಕಾಸಿಯ ಉಮೇದು ಹೋಯಿತು. 550ಕ್ಕೆ ತೆಗೆದುಕೊಂಡೆ. ಇವರು ರಶೀದಿ ಕೇಳಿದರು. ರೈಟರ್ ಬುದ್ಧಿ.

ಸೊಲೊಲಾ ಸಂತೆ ಬೇರೆಯೇ ತರ. ಅಲ್ಲಿ ಪ್ರವಾಸಿಗರಿಗೆ ಅಂತ ಮಾರುವುದು ಏನೂ ಇಲ್ಲ. ಅದಕ್ಕೇ ನನಗೆ ಚಿಚಿಗಿಂತ ಅದೇ ಹಿಡಿಸಿತು. ಮಕ್ಕಳ ತಲೆಗಿಂತ ದೊಡ್ಡ ಎಲೆಕೋಸು, ಈರುಳ್ಳಿ ಗುಡ್ಡೆ, ಕ್ಯಾರೆಟ್ಟು, ಮತ್ತೆ ಸೀಮೆ ಬದನೆಕಾಯಿ. ಅದರ ತವರೇ ಈ ಕಡೆ. ಇಲ್ಲಿಯವರು ಬೇಯಿಸಿ ಉಪ್ಪು ಹಾಕಿ ಹಾಗೇ ತಿನ್ನುತ್ತಾರೆ. ತೆಂಗಿನಕಾಯಿ ಹಾಕಿ ಪಲ್ಯ ಮಾಡುವುದು ಇವರಿಗೆ ಗೊತ್ತಿಲ್ಲ, ಪಾಪ. ಬೇರೆ ಬಹಳ ಊರುಗಳಲ್ಲಿ ಗಂಡಸರು ಪ್ಯಾಂಟು ಶರ್ಟಿಗೆ ಬದಲಾಗಿದ್ದಾರೆ. ಸೊಲೊಲಾದಲ್ಲಿ ಇನ್ನೂ ಪಟ್ಟೆ ಪಟ್ಟೆ ಪೈಜಾಮ, ಸೊಂಟಕ್ಕೆ ಉಣ್ಣೆಯ ತುಂಡು, ಬೆನ್ನ ಮೇಲೆ ಬಾವಲಿ ಚಿತ್ರ ಇರುವ ಕೋಟು ಹಾಕುತ್ತಾರೆ. ಬಾವಲಿ ಇಲ್ಲಿನ ಕಕ್ಚಿಕೆಲ್ ಅನ್ನುವ ಮಾಯಾ ಜನರ ಗುರುತು. ತಲೆಗೆ ಮಾತ್ರ ಕೌಬಾಯ್ ಟೋಪಿ.

ಅಲ್ಲಿ ಒಂದು ಮಸಾಲೆ ಅಂಗಡಿಯಲ್ಲಿ ಇವರು ಏಲಕ್ಕಿ ಕೇಳಿದರು. ಅಂಗಡಿಯವನು ತಲೆ ಅಲ್ಲಾಡಿಸಿದ. ಕೈಯಲ್ಲಿ ಆಕಾರ ತೋರಿಸಿದರೂ ಅವನಿಗೆ ಹೊಳೆಯಲಿಲ್ಲ. ಪ್ರಪಂಚದಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶಗಳಲ್ಲಿ ಗ್ವಾಟೆಮಾಲಾ ಮೊದಲನೆಯದು! ನೂರು ವರ್ಷದ ಹಿಂದೆ ಜರ್ಮನ್ ಕಾಫಿ ಬೆಳೆಗಾರರು ಉತ್ತರದ ಕೋಬಾನ್ ಕಡೆ ತಂದು ನೆಟ್ಟದ್ದು. ಬೆಳೆದದ್ದೆಲ್ಲ ಹೆಚ್ಚುಕಮ್ಮಿ ಅರಬ್ ದೇಶಗಳಿಗೆ ಹೋಗುತ್ತದೆ, ಇಲ್ಲಿಯವರು ಬಾಯಿಗೂ ಹಾಕುವುದಿಲ್ಲ. 1980ರ ದಶಕದಲ್ಲಿ ಕೊಲ್ಲಿ ದೇಶಗಳಲ್ಲಿ ನಮ್ಮ ಏಲಕ್ಕಿಯ ಮಾರುಕಟ್ಟೆ ಮುರಿದದ್ದು ಇದೇ ಗ್ವಾಟೆಮಾಲಾ ಏಲಕ್ಕಿ. "ನಮ್ಮ ಧಣಿಗಳು ರೇಟು ಬಿದ್ದಾಗಲೆಲ್ಲ ಈ ದೇಶಕ್ಕೆ ಶಾಪ ಹಾಕುತ್ತಿದ್ದರು. ಇಲ್ಲಿ ನೋಡಿದರೆ ಅಂಗಡಿಯವನಿಗೇ ಗೊತ್ತಿಲ್ಲ" ಅಂತ ಇವರು ದಾರಿಯುದ್ದಕ್ಕೂ ಹೇಳಿಕೊಂಡರು.

ಸೊಲೊಲಾದಿಂದ ಸರೋವರದ ದಡದ ಪನಹಚೆಲ್‌ಗೆ ಬರೀ ಎಂಟು ಕಿಲೋಮೀಟರ್, ಪೂರ್ತಿ ಇಳಿಜಾರು. ಒಂದು ತಿರುವಿನಲ್ಲಿ ಸರೋವರ ಕಣ್ಣಿಗೆ ಬೀಳುತ್ತದೆ. ಆಚೆ ದಡದಲ್ಲಿ ಸಾನ್ ಪೆದ್ರೊ, ತೋಲಿಮಾನ್, ಅಟಿಟ್ಲಾನ್ ಅನ್ನುವ ಮೂರು ಜ್ವಾಲಾಮುಖಿಗಳು. ಸುಮಾರು 80 ಸಾವಿರ ವರ್ಷದ ಹಿಂದೆ ಒಂದು ಮಹಾ ಸ್ಫೋಟವಾಗಿ ಬೆಟ್ಟವೇ ಒಳಗೆ ಕುಸಿದು ಈ ಗುಂಡಿ ಆದದ್ದಂತೆ. ಆಳ 300 ಮೀಟರಿಗೂ ಜಾಸ್ತಿ. ನೀರು ಒಳಗೆ ಬರುವ ಹೊಳೆಗಳಿವೆ, ಹೊರಗೆ ಹರಿಯುವ ಹೊಳೆ ಒಂದೂ ಇಲ್ಲ. ಸುತ್ತಲಿನ ಊರುಗಳ ಚರಂಡಿ, ಗದ್ದೆಗೆ ಹಾಕಿದ ಗೊಬ್ಬರ ಎಲ್ಲ ಇದಕ್ಕೇ ಸೇರಬೇಕು. 2009ರಲ್ಲಿ ಪಾಚಿ ಎದ್ದು ನೀಲಿ ನೀರು ಕೊಳಕು ಕಂದಾಗಿತ್ತು. ಪೋಸ್ಟ್‌ಕಾರ್ಡಿನಲ್ಲಿ ಇದು ಕಾಣಿಸುವುದಿಲ್ಲ.

ದಡದ ಊರಿಂದ ಊರಿಗೆ ಹೋಗಲು ಲಾಂಚಾ ಅನ್ನುವ ಮೋಟರ್ ದೋಣಿ ಹಿಡಿಯಬೇಕು. ಸಾಂತಿಯಾಗೊಗೆ ಒಂದು ಕಟ್ಟೆ, ಸಾನ್ ಹುವಾನ್ ಕಡೆಗೆ ಇನ್ನೊಂದು ಕಟ್ಟೆ. ಜನ ತುಂಬಿದ ಮೇಲೆಯೇ ಹೊರಡುತ್ತದೆ. ನೋಡಲು ಚಂದ ಅಂತ ಮುಂದಿನ ಸೀಟಿನಲ್ಲಿ ಕೂರಬೇಡಿ, ಅಲೆ ಹೊಡೆದಾಗ ಸೊಂಟ ಕಳಚಿಹೋಗುತ್ತದೆ. ಊರಿನವರು ಹಿಂದೆ ಕೂರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಶೊಕೊಮಿಲ್ ಅನ್ನುವ ಗಾಳಿ ಏಳುತ್ತದೆ. ಕರಾವಳಿಯ ಬಿಸಿಗಾಳಿ ಬೆಟ್ಟದ ತಂಪು ಗಾಳಿಗೆ ಬಡಿದು ಕೆರೆಯನ್ನು ಕಲಕುವುದು. ಹಾಗಾಗಿ ಬೆಳಿಗ್ಗೆಯೇ ಹೋಗಿ ಬರಬೇಕು.

ಸಾಂತಿಯಾಗೊ ಅಟಿಟ್ಲಾನ್‌ನಲ್ಲಿ ಇಳಿದರೆ ಕೆಂಪು ಆಟೋಗಳ ಸಾಲು. ಎಲ್ಲ ಬಜಾಜ್. ಇವರು ಒಂದರ ಬೆನ್ನು ತಟ್ಟಿ, "ಇದು ನಮ್ಮ ದೇಶದ್ದು" ಅಂತ ಡ್ರೈವರಿಗೆ ಹೇಳಿದರು. ಅವನು ನಂಬಲಿಲ್ಲ, ಬಾಡಿಗೆಯೂ ಇಳಿಸಲಿಲ್ಲ.

ಊರಿನ ಚರ್ಚಿನಲ್ಲಿ ಗೋಡೆ ಉದ್ದಕ್ಕೂ ಮರದ ಸಂತರು. ಊರಿನ ಹೆಂಗಸರು ವರ್ಷ ವರ್ಷ ಅವರಿಗೆ ಹೊಸ ಬಟ್ಟೆ ಹೊಲಿದು ತೊಡಿಸುತ್ತಾರೆ. ಬಾಗಿಲ ಹತ್ತಿರ ಸ್ಟ್ಯಾನ್ಲಿ ರಾದರ್ ಅನ್ನುವ ಕಥೋಲಿಕ ಪಾದ್ರಿಯ ನೆನಪಿನ ಜಾಗ. ಅಮೆರಿಕದ ಓಕ್ಲಹೋಮಾದ ರೈತರ ಮಗ. 1968ರಲ್ಲಿ ಇಲ್ಲಿಗೆ ಬಂದರು. ಊರಿನವರ ತ್ಸುತುಹಿಲ್ ಭಾಷೆ ಕಲಿತರು, ಬೈಬಲಿನ ಹೊಸ ಒಡಂಬಡಿಕೆಯನ್ನು ಅದಕ್ಕೆ ತರುವ ಕೆಲಸದಲ್ಲಿ ಕೈಜೋಡಿಸಿದರು, ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿದರು. ಅದು ಅಂತರ್ಯುದ್ಧದ ಕಾಲ. ಊರಿನ ಜನ ಕಾಣೆಯಾಗುತ್ತಿದ್ದರು. ಅವರ ಹೆಸರೂ ಕೊಲ್ಲುವವರ ಪಟ್ಟಿಯಲ್ಲಿದೆ ಅಂತ ತಿಳಿದು ಊರಿಗೆ ಹೋದವರು, ಕುರಿಗಳನ್ನು, ಅಂದರೆ ತನ್ನ ಸಭೆಯ ಜನರನ್ನು, ಬಿಟ್ಟಿರಲಾರೆ ಅಂತ ವಾಪಸು ಬಂದರು. 1981ರ ಜುಲೈ 28ರ ರಾತ್ರಿ ಪಾದ್ರಿಮನೆಗೆ ನುಗ್ಗಿ ಗುಂಡಿಟ್ಟು ಕೊಂದರು. ದೇಹ ಓಕ್ಲಹೋಮಾಕ್ಕೆ ಹೋಯಿತು, ಹೃದಯವನ್ನು ಮಾತ್ರ ಊರಿನವರು ಇಲ್ಲೇ ಇಟ್ಟುಕೊಂಡರು. 2017ರಲ್ಲಿ ಕಥೋಲಿಕ ಸಭೆ ಅವರನ್ನು ಧನ್ಯರು ಅಂತ ಸಾರಿತು. ಇವರು ಅಲ್ಲಿ ಟೋಪಿ ತೆಗೆದು ಬಹಳ ಹೊತ್ತು ನಿಂತರು. ನಾವು ಕಥೋಲಿಕರಲ್ಲ. ಆದರೂ ನಿಂತರು.

1990ರ ಡಿಸೆಂಬರ್ 2ರಂದು ಇದೇ ಊರಿನ ಜನ ಕೈಯಲ್ಲಿ ಆಯುಧ ಇಲ್ಲದೆ ಸೈನ್ಯದ ಶಿಬಿರದ ಮುಂದೆ ಹೋಗಿ ನಿಂತರು. ಗುಂಡು ಹಾರಿತು, ಹತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸೈನ್ಯವೇ ಊರು ಬಿಡಬೇಕಾಯಿತು. ದೇಶದಲ್ಲಿ ಶಾಂತಿ ಒಪ್ಪಂದ ಆದದ್ದು ಇನ್ನೂ ಆರು ವರ್ಷದ ನಂತರ.

ಚರ್ಚಿನಿಂದ ಹೊರಗೆ ಬಂದರೆ ಆಟೋದವನು, "ಮಶಿಮೋನ್ ನೋಡ್ತೀರಾ?" ಅಂದ. ಮಶಿಮೋನ್ ಅಂದರೆ ಆಳೆತ್ತರಕ್ಕಿಂತ ಕಡಿಮೆ ಇರುವ ಒಂದು ಮರದ ದೇವರು. ಒಂದು ಕೂಟದವರು ನೋಡಿಕೊಳ್ಳುತ್ತಾರೆ, ವರ್ಷಕ್ಕೊಮ್ಮೆ ಮನೆ ಬದಲಾಗುತ್ತದೆ. ಇವರು ಆಟೋದಿಂದ ಇಳಿಯಲೇ ಇಲ್ಲ. "ನೀನು ಬೇಕಾದರೆ ಹೋಗಿ ಬಾ. ನಾನು ಲೆಕ್ಕ ಬರೀತೇನೆ." ನಾನು ಹೋದೆ. ಸಣ್ಣ ಕೋಣೆ, ಸೂರಿನಿಂದ ಬಣ್ಣದ ಕಾಗದದ ತೋರಣ. ನಡುವೆ ಅವನು: ಹ್ಯಾಟು, ಕೊರಳಿಗೆ ರಾಶಿ ರಾಶಿ ರೇಷ್ಮೆ ಸ್ಕಾರ್ಫು ಮತ್ತು ಟೈ, ಬಾಯಲ್ಲಿ ಉರಿಯುವ ಚುಟ್ಟಾ. ಬೂದಿ ಉದ್ದವಾದಾಗ ಪಕ್ಕದಲ್ಲಿ ಕೂತವನು ಅದನ್ನು ಜೋಪಾನವಾಗಿ ಕೊಡವುತ್ತಿದ್ದ. ಎದುರಿಗೆ ಒಬ್ಬ ಹೆಂಗಸು ಮಂಡಿಯೂರಿ ಅಳುತ್ತಿದ್ದಳು. ಭೂತದ ಕೋಲ ನೋಡಿ ಬೆಳೆದ ಊರಿನವಳು ನಾನು, ನಮ್ಮ ಮನೆಯವರು ಕೋಲಕ್ಕೆ ಹೋಗುತ್ತಿರಲಿಲ್ಲವಾದರೂ ತೆಂಬರೆಯ ಸದ್ದು ಕಿಟಕಿಯಿಂದ ಬರುತ್ತಿತ್ತು. ಅಲ್ಲಿ ನನಗೆ ಹೊಸದು ಅನ್ನಿಸಿದ್ದು ಟೈ ಒಂದೇ. ಕಾಣಿಕೆ ಬಟ್ಟಲಿಗೆ ಪ್ರವೇಶದ ದುಡ್ಡು ಹಾಕಿ ಬಂದೆ. ಇವರು ಲೆಕ್ಕದಲ್ಲಿ ಅದನ್ನು "ಇತರೆ" ಅಂತ ಬರೆದುಕೊಂಡರು.

ಭಾನುವಾರ ಪನಹಚೆಲ್‌ನ ಒಂದು ಚರ್ಚಿನಲ್ಲಿ ಆರಾಧನೆಗೆ ಕೂತೆವು. ಕಕ್ಚಿಕೆಲ್ ಹಾಡು, ಸ್ಪ್ಯಾನಿಷ್ ಪ್ರಸಂಗ, ಎದೆ ನಡುಗುವಂಥ ಲೌಡ್‌ಸ್ಪೀಕರ್. ಪ್ರೊಟೆಸ್ಟಂಟ್ ಮಿಷನರಿಗಳು ಈ ದೇಶಕ್ಕೆ ಬಂದದ್ದು 1882ರಲ್ಲಿ, ಅಧ್ಯಕ್ಷರೇ ಕರೆಸಿಕೊಂಡಾಗ. ಈಗ ಎಲ್ಲಿ ನೋಡಿದರೂ ಅವರ ಸಭೆಗಳು. ಸಂಜೆ ಒಂದೇ ಬೀದಿಯಲ್ಲಿ ನಾಲ್ಕು ಮೈಕು ಒಟ್ಟಿಗೆ ಕೂಗುತ್ತವೆ. ನಮ್ಮವರದ್ದೇ ಆದರೂ ಹೇಳುತ್ತೇನೆ, ಕಿವಿಗೆ ಕಷ್ಟ.

ಕೊನೆಗೆ ಸಾನ್ ಹುವಾನ್ ಲಾ ಲಗೂನಾ. ಅಲ್ಲಿ ಹೆಂಗಸರ ಸಹಕಾರ ಸಂಘಗಳು ಗಿಡಮೂಲದ ಬಣ್ಣ ಹಾಕಿ ನೇಯುತ್ತವೆ. ಒಬ್ಬಳು ಹುಡುಗಿ ಹತ್ತಿ ಬಿಡಿಸುವುದರಿಂದ ಹಿಡಿದು ತೋರಿಸಿದಳು. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಪಟ್ಟಿಯಾಗಿ ಅವಳ ಸೊಂಟಕ್ಕೆ. ಮಂಡಿಯೂರಿ ಹಿಂದಕ್ಕೆ ಬಾಗಿದರೆ ಉದ್ದ ದಾರಗಳ ಹಾಸು ಬಿಗಿಯಾಗುತ್ತದೆ, ಮುಂದಕ್ಕೆ ಬಂದರೆ ಸಡಿಲ. ಆ ಸಡಿಲದಲ್ಲಿ ಹಾಸಿನ ದಾರ ಎತ್ತಿ ದಾರಿ ಮಾಡಿಕೊಂಡು, ಅಡ್ಡ ದಾರದ ಹೊಕ್ಕು ತೂರಿಸಿ, ಬಿಗಿ ಮಾಡಿ ಮರದ ಪಟ್ಟಿಯಿಂದ ಬಡಿಯುತ್ತಾಳೆ. ಕ್ಯಾರೆಟ್ಟಿನಿಂದ ಕಿತ್ತಳೆ, ಕೊಚಿನಿಲಾ ಹುಳದಿಂದ ಕೆಂಪು. ಬಣ್ಣ ಕಚ್ಚಲು ಏನು ಹಾಕುತ್ತೀರಿ ಅಂತ ಕೇಳಿದೆ. ಅವಳು ಒಂದು ಬಕೆಟ್ ಎಳೆದು ತೋರಿಸಿದಳು. ಕತ್ತರಿಸಿದ ಬಾಳೆದಿಂಡು ನೀರಿನಲ್ಲಿ ನೆನೆದಿತ್ತು. ಬಾಳೆಯ ಸೊನೆ ತಾಗಿದ ಸೀರೆಯ ಕಲೆ ಜನ್ಮಕ್ಕೂ ಹೋಗುವುದಿಲ್ಲ ಅಂತ ನಮ್ಮಮ್ಮ ಬೈಯುತ್ತಿದ್ದದ್ದು ಸರಿಯಾಗಿಯೇ ಇತ್ತು. ಬೈಯುವ ಬದಲು ಈ ಹೆಂಗಸರು ಅದನ್ನು ಕಸುಬು ಮಾಡಿಕೊಂಡಿದ್ದಾರೆ.

ಅಷ್ಟರಲ್ಲಿ ಇವರು ಕಾಣೆ. ಹುಡುಕಿದರೆ ಮೇಲಿನ ಬೀದಿಯ ಕಾಫಿ ಕಣದಲ್ಲಿದ್ದರು. ಜ್ವಾಲಾಮುಖಿಯ ಇಳಿಜಾರಿನಲ್ಲಿ ಅರೇಬಿಕಾ, ನೆರಳಿಗೆ ನಮ್ಮ ಮಲೆನಾಡಿನ ಅದೇ ಸಿಲ್ವರ್ ಓಕ್. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ, ಒಣಹಾಕಿದ್ದರು. ಇವರು ಒಂದು ಕಾಳು ಎತ್ತಿ ಹಲ್ಲಲ್ಲಿ ಕಚ್ಚಿ ನೋಡಿ, ಇನ್ನೊಂದು ಬಿಸಿಲು ಬೇಕು ಅಂತ ಬೆರಳು ತೋರಿಸಿದರು. ಕಣದ ಯಜಮಾನನೂ ಒಂದು ಕಾಳು ಕಚ್ಚಿದ, ತಲೆ ಆಡಿಸಿದ. ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ, ಆದರೂ ಒಂದು ಗಂಟೆ ಮಾತಾಡಿದ್ದರು. ಇಡೀ ತಿರುಗಾಟದಲ್ಲಿ ಇವರು ನಕ್ಕದ್ದು ಅಲ್ಲೇ ಜಾಸ್ತಿ.

ವಾಪಸು ಬಂದ ಮೇಲೆ ಊರಿನ ನಮ್ಮ ಚರ್ಚಿನ ಸಭೆಗೆ ತಿಂಗಳ ವರದಿ ಕಳಿಸಬೇಕಿತ್ತು. ನಾನು ಎಲ್ಲ ಬರೆದೆ, ಮೆಟ್ಟಿಲು, ಪಾದ್ರಿ, ಮಶಿಮೋನ್ ಕೂಡ. ಇವರು ಓದಿ ಮಶಿಮೋನ್ ಪ್ಯಾರಾಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿದರು. ನಾನು ರಬ್ಬರ್ ತಂದು ಅಳಿಸಿ ಹಾಗೇ ಕಳಿಸಿದೆ. ಅಲ್ಲಿನ ಪಾದ್ರಿ ಅಯ್ಯನವರು ಅದನ್ನು ಸಭೆಯಲ್ಲಿ ಓದಿಸಿದರಂತೆ. ವಾರದ ಮೇಲೆ ಅವರ ಮೆಸೇಜು ಬಂತು: ಹಿರಿಯರೊಬ್ಬರು ಕೇಳುತ್ತಿದ್ದಾರೆ, ಅಲ್ಲಿ ಏಲಕ್ಕಿ ಕಿಲೋಗೆ ಈಗ ಎಷ್ಟಿದೆ?